ಐದು ಕಲ್ಲು ಇಟ್ಟವಳು ನಾನೇ

ಆ ಕಲ್ಲು ಇಟ್ಟಾಗ ನನಗೆ ಅರವತ್ತೊಂದು ವರ್ಷ. ಅದಕ್ಕೆ ಈಗ ನಾಲ್ಕು ವರ್ಷ ಆಯಿತು. ಇದು ಆಧಾರ್ ಕಾರ್ಡಿನ ಲೆಕ್ಕ. ನಿಜವಾದ ವಯಸ್ಸು ಹೆತ್ತವಳಿಗೂ ಗೊತ್ತಿರಲಿಲ್ಲ. ಕೇಳಿದರೆ "ದೊಡ್ಡ ಮಳಿ ಆದ ವರ್ಷ ಹುಟ್ಟೀದಿ" ಅನ್ನುತ್ತಿದ್ದಳು. ಹೊಸರಿತ್ತಿಯಲ್ಲಿ ಎರಡನೇ ಇಯತ್ತೆಯವರೆಗೆ ಸಾಲೆಗೆ ಹೋಗಿದ್ದೆ. ಒತ್ತಕ್ಷರ ಬಂದಲ್ಲಿ ಈಗಲೂ ಕೆಸರಿಗಿಳಿದ ಎತ್ತಿನ ಹಾಗೆ ನಿಲ್ಲುತ್ತೇನೆ. ಇದನ್ನು ಬರೆಯಲು ಅಷ್ಟು ಅಕ್ಷರ ಸಾಕು.

ನಾವು ದಿಲ್ಲಿ ಸರ್ಕಾರಕ್ಕೆ ಒಂದು ಪಾಯಖಾನೆ, ಒಂದು ನಲ್ಲಿ, ಮೇಲೆ ನೆರಳಿಗೆ ನಾಲ್ಕು ತಗಡು ಕೇಳಿದ್ದೆವು. ಸಿಗಲಿಲ್ಲ. ದುಡ್ಡು ಯಾರೋ ತಿಂದರು ಅಂತ ಬರೆದರೆ ಓದುವವರಿಗೆ ಹಿತವಾಗುತ್ತದೆ. ಯಾರೂ ತಿನ್ನಲಿಲ್ಲ. ಕೆಲಸ ಕೆಡಿಸಿದವಳು ನಾನು.

ಬ್ಯಾಡಗಿಯಲ್ಲಿ ನಮ್ಮ ಕೆಲಸ ಮೆಣಸಿನಕಾಯಿಯ ತುಂಬು ಬಿಡಿಸುವುದು. ತುಂಬು ಅಂದರೆ ತೊಟ್ಟು. ಮಾರುಕಟ್ಟೆಯ ಒಳಗೆ ಕೂರುವವರಿಗೆ ನೀರಿದೆ, ನೆರಳಿದೆ. ನಾವು ನಲವತ್ತು ಹೆಂಗಸರು ಕೂರುತ್ತಿದ್ದದ್ದು ಊರ ಹೊರಗೆ, ರಸ್ತೆ ಬದಿಯ ಬಯಲಿನಲ್ಲಿ. ಬೆಳಿಗ್ಗೆ ವ್ಯಾಪಾರಿಯ ಗಾಡಿ ಬಂದು ಚೀಲ ಸುರಿಯುತ್ತದೆ, ಸಂಜೆ ತುಂಬಿಕೊಂಡು ಹೋಗುತ್ತದೆ. ನಡುವೆ ಕೆಂಪು ರಾಶಿ, ಸುತ್ತ ಮೂಗಿಗೆ ಸೆರಗು ಕಟ್ಟಿದ ನಾವು. ದೂರದಿಂದ ನೋಡಿದವರು ಚಂದ ಅಂತ ಗಾಡಿ ನಿಲ್ಲಿಸಿ ಫೋಟೋ ಹೊಡೆಯುತ್ತಿದ್ದರು. ಹತ್ತಿರ ಬಂದವರು ಸೀನಿ ಓಡುತ್ತಿದ್ದರು.

ಒಂದು ತಾಸು ತುಂಬು ಬಿಡಿಸಿದರೆ ಖಾರ ಕೈಯೊಳಗೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡರೂ ಉಗುರಿನ ಸಂದಿಗೆ ಹೋಗಿ ಕೂರುತ್ತದೆ. ಆ ಕೈಯಲ್ಲಿ ಕಣ್ಣು ಮುಟ್ಟಬಾರದು. ಕೂಸಿಗೆ ಮೊಲೆ ಕೊಡಬಾರದು. ಒಂದಕ್ಕೆ ಹೋಗಿ ತೊಳೆದುಕೊಳ್ಳಬಾರದು, ತೊಳೆದುಕೊಂಡರೆ ಅಲ್ಲಿ ಬೆಂಕಿ ಬೀಳುತ್ತದೆ. ಮೊದಲು ಕೈಯನ್ನು ಸಾಬೂನು ಹಾಕಿ ನಾಲ್ಕು ಸಲ ತಿಕ್ಕಬೇಕು. ಅಷ್ಟು ನೀರು ಬಯಲಿನಲ್ಲಿ ಎಲ್ಲಿಂದ ಬರಬೇಕು? ಮರೆಯೂ ಇರಲಿಲ್ಲ. ಒಂದು ಕಡೆ ರಸ್ತೆ, ಒಂದು ಕಡೆ ಲಾರಿ ನಿಲ್ಲುವ ಜಾಗ. ಹಾಗಾಗಿ ಎಲ್ಲರೂ ಒಂದು ಉಪಾಯ ಕಲಿತಿದ್ದೆವು. ಬೆಳಿಗ್ಗೆ ಚಹಾ ಕುಡಿದರೆ ಸಂಜೆ ಮನೆ ಮುಟ್ಟುವ ತನಕ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ.

ನನಗೆ ಅದು ನಡೆಯಿತು. ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ನಡೆಯಲಿಲ್ಲ. ಅವಳು ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಮೇಡ್ಲೇರಿಯವಳು. ಹೊಳೆ ದಂಡೆಯಲ್ಲಿ ಬೆಳೆದವಳು, ಹುಡುಗಿಯಿದ್ದಾಗ ಬಾಯಾರಿದರೆ ತುಂಗಭದ್ರೆಗೆ ಬಗ್ಗಿ ಎಮ್ಮೆಯ ಹಾಗೆ ಕುಡಿಯುತ್ತಿದ್ದೆ ಅನ್ನುತ್ತಿದ್ದಳು. ನಮ್ಮ ಗಂಡಂದಿರು, ಆ ಅಣ್ಣತಮ್ಮಂದಿರಿಬ್ಬರೂ ಹಿಂದೆ ಮುಂದೆ ತೀರಿಕೊಂಡ ಮೇಲೆ ಒಂದೇ ಗೋಡೆಯ ಆಚೆ ಈಚೆ ನಾವಿಬ್ಬರೇ ಉಳಿದಿದ್ದೆವು. ಅವಳು ಈಗ ಇಲ್ಲ. ಅದನ್ನು ಕೊನೆಗೆ ಇಟ್ಟುಕೊಂಡು ಓದುವವರನ್ನು ಅಳಿಸುವ ಕೆಲಸ ನನಗೆ ಬೇಡ, ಈಗಲೇ ಹೇಳಿಬಿಟ್ಟೆ.

ಅವಳಿಗೆ ಉರಿಮೂತ್ರ, ಚಳಿಜ್ವರ ಬಂದು ಹೋಗಿ ಮಾಡಲು ಶುರುವಾಯಿತು. ಮೂರನೇ ಸಲ ಬಂದಾಗ ಹಾವೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರಮ್ಮ ಕೇಳಿದಳು, "ದಿನಕ್ಕ ಎಷ್ಟ ನೀರ ಕುಡೀತೀಯಬೇ?"

"ಸಂಜಿಕ ಎರಡ ಚರಿಗಿ."

"ಸಂಜಿಕ ಅಲ್ಲ. ಹಗಲೊತ್ತಿನ್ಯಾಗ?"

ನೆಗೆಣ್ಣಿ ನನ್ನ ಮುಖ ನೋಡಿದಳು. ನಾನೇ ಹೇಳಿದೆ, "ಹಗಲೊತ್ತಿನ್ಯಾಗ ನೀರ ಕುಡದ್ರ ಹೊಯ್ಯಾಕ ಎಲ್ಲಿ ಹೋಗ್ಬೇಕ್ರಿ? ನಿಮ್ಮ ಆಸ್ಪತ್ರಿಗೆ ಬರೂಣೇನ್ರಿ?"

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ನೀರ ಕುಡೀಬೇಕು, ತಡೀದ ಹೋಗಬೇಕು. ಇಲ್ಲಂದ್ರ ಕಿಡ್ನಿ ಹೋಗ್ತಾವು. ಈಗ ಅರ್ಧಾ ಹೋಗ್ಯಾವು" ಅಂದಳು.

ಕೆಲಸ ಬಿಡು ಅಂತ ಸುಲಭವಾಗಿ ಹೇಳಬಹುದು. ಅವಳಿಗೆ ಬೇರೆ ಯಾವ ಕೆಲಸ ಬರುತ್ತಿತ್ತು? ಕೆಲಸ ಬಿಡುವಂತಿಲ್ಲ ಅಂದ ಮೇಲೆ ಬಯಲಿಗೆ ಪಾಯಖಾನೆ ಬರಬೇಕು. ನನಗೆ ಹೊಳೆದದ್ದು ಇಷ್ಟೇ.

ಪುರಸಭೆಗೆ ಹೋದೆವು. ಅಲ್ಲಿದ್ದವನು ಒಳ್ಳೆಯ ಮಾತಿನಲ್ಲೇ ಹೇಳಿದ. ಬಯಲಿನ ಮೂಲೆಯಲ್ಲಿ ಸರ್ಕಾರಿ ಜಾಗ ಇದೆ, ಕೊಡಬಹುದು, ಕಟ್ಟಲು ದುಡ್ಡಿಲ್ಲ. "ದಿಲ್ಲಿ ದುಡ್ಡ ಕೇಳ್ರಿ" ಅಂದ. ನಾವು ಅವನು ಹಾಸ್ಯ ಮಾಡುತ್ತಿದ್ದಾನೆ ಅಂದುಕೊಂಡೆವು.

ಹಾಸ್ಯವಲ್ಲ ಅಂತ ತಿಳಿಸಿದವರು ತಾಲ್ಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವ ಮುದುಕರು. ಎಲ್ಲರೂ ಅವರನ್ನು ಮಾಸ್ತರ ಅನ್ನುತ್ತಿದ್ದರು. ಸಾಲೆಯ ಮಾಸ್ತರ ಆಗಿದ್ದರೋ ಇಲ್ಲವೋ ಗೊತ್ತಿಲ್ಲ. ಕನ್ನಡಕಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು. ಅವರು ಬಿಡಿಸಿ ಹೇಳಿದ್ದು ಹೀಗೆ: ಊರೂರಿನ ಸಣ್ಣ ಕೆಲಸಕ್ಕೆ ಅಂತ ದಿಲ್ಲಿ ಸರ್ಕಾರ ಒಬ್ಬೊಬ್ಬ ಎಂ.ಪಿ.ಗೆ ಇಷ್ಟು ಅಂತ ದುಡ್ಡು ತೆಗೆದಿಡುತ್ತದೆ. ನಾವು ಎಂ.ಪಿ.ಗೆ ಅರ್ಜಿ ಕೊಡಬೇಕು. ಅವರು ಆಗಲಿ ಅಂತ ಚೀಟಿ ಬರೆದರೆ ಅದು ಹಾವೇರಿಯ ಕಚೇರಿಗೆ ಬರುತ್ತದೆ. ಅಲ್ಲಿಂದ ಎಂಜಿನಿಯರ ಬಂದು ಜಾಗ ನೋಡಿ ಹೂಂ ಅಂದರೆ ಕೆಲಸ ಹಿಡಿಯುತ್ತಾರೆ.

"ಹಂಗಾದ್ರ ಬರೀರಿ, ನಮಗೊಂದ ಪಾಯಖಾನಿ ಬೇಕು ಅಂತ."

"ಹಂಗ ಬರದ್ರ ಆಗಂಗಿಲ್ಲಬೇ. ದಿಲ್ಲಿ ಅಂದ್ರ ಏನ ತಿಳದೀ? 'ಮಹಿಳಾ ಕಾರ್ಮಿಕರ ವಿಶ್ರಾಂತಿ ಹಾಗೂ ಶೌಚ ಗೃಹ' ಅಂತ ಬರೀಬೇಕು."

"ವಿಶ್ರಾಂತಿ ಯಾರ ಕೇಳ್ಯಾರ್ರಿ? ಹಗಲಿನ್ಯಾಗ ಎರಡ ಸಲ ಉಚ್ಚಿ ಹೊಯ್ಯಾಕ ಒಂದ ಮರೀ ಕೊಟ್ರ ಸಾಕು."

"ಅದನ್ನ ಬರೀಲೇನು?"

"ಬರೀರಿ."

ಮಾಸ್ತರ ನಕ್ಕು ನಕ್ಕು ಕನ್ನಡಕ ಜಾರಿ ಎದೆಯ ಮೇಲೆ ತೂಗಾಡಿತು. ಆಮೇಲೆ ತಮ್ಮ ಮಾತಿನಲ್ಲೇ ಬರೆದರು. ನೆಗೆಣ್ಣಿಯ ಕಿಡ್ನಿಯ ವಿಷಯವನ್ನೂ ಸೇರಿಸಿ ಅಂದೆ. "ಒಬ್ಬಾಕಿ ರೋಗಕ್ಕ ದಿಲ್ಲಿ ದುಡ್ಡ ಕೊಡಂಗಿಲ್ಲ, ನಲವತ್ತ ಮಂದಿ ಸವಲತ್ತಿಗೆ ಕೊಡ್ತೈತಿ" ಅಂದು ಬಿಟ್ಟರು. ಆ ಅರ್ಜಿಯಲ್ಲಿ ನಾವೆಲ್ಲ ಇದ್ದೆವು, ಅವಳೊಬ್ಬಳು ಇರಲಿಲ್ಲ.

ಸಹಿ ಮಾಡುವವರು ಆರು ಜನ. ಮೊದಲ ಸಹಿ ನನ್ನದು. ಉಳಿದವರದು ಹೆಬ್ಬೆಟ್ಟು. ಒತ್ತಿದ ಹೆಬ್ಬೆಟ್ಟುಗಳನ್ನು ಮಾಸ್ತರ ಬಿಸಿಲಿಗೆ ಹಿಡಿದು ನೋಡಿದರು. ಖಾರಕ್ಕೆ ಸವೆದು ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕಾಗದದ ಮೇಲೆ ಮೂವತ್ತನಾಲ್ಕು ನೀಲಿ ಮಚ್ಚೆ. "ಇವೇನು ಹೆಬ್ಬೆಟ್ಟೋ, ನೀರಲಹಣ್ಣೋ?" ಅಂದರು. ರೇಷನ್ ಅಂಗಡಿಯ ಮಷೀನೂ ನಮಗೆ ಇದನ್ನೇ ಹೇಳುತ್ತಿತ್ತು.

ಎಂ.ಪಿ. ರಾಣೆಬೆನ್ನೂರಿಗೆ ಬರುವ ದಿನ ನೆಗೆಣ್ಣಿಯೂ ನಾನೂ ಬಸ್ಸು ಹತ್ತಿದೆವು. ಅರ್ಜಿಯನ್ನು ಅವಳು ರವಿಕೆ ಖಣದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಮೊದಲು ಅಲ್ಲಿಯ ಪಾಯಖಾನೆಗೆ ಹೋದಳು. ನಲ್ಲಿಯಲ್ಲಿ ಕೈ ತೊಳೆದಳು, ಮುಖ ತೊಳೆದಳು, ಬಾಟಲಿ ತುಂಬಿಕೊಂಡು ಕುಡಿದಳು. ಚಹಾ ಕುಡಿದ ಮೇಲೆ ಮತ್ತೆ ಹೋದಳು. ಎಂ.ಪಿ. ಬರುವುದು ತಡ ಅಂತ ತಿಳಿದ ಮೇಲೆ ಮತ್ತೊಮ್ಮೆ ಹೋದಳು.

"ಏ ತಂಗಿ, ಅರ್ಜಿ ಕೊಡಾಕ ಬಂದೀಯೋ, ರಾಣೆಬೆನ್ನೂರ ತೋಯ್ಸಾಕ ಬಂದೀಯೋ?"

"ಇರ್ಲಿ ಬಿಡ ಯಕ್ಕಾ. ಪುಕ್ಕಟ ಸುಖಾ. ನೀನೂ ಹೋಗಿ ಬಾ."

ಆ ದಿನ ಅವಳು ಅಷ್ಟು ಹಗುರವಾಗಿ ಓಡಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ. ಮಧ್ಯಾಹ್ನ ಎಂ.ಪಿ. ಬಂದರು. ದೂರದಿಂದ ಬಿಳಿ ಅಂಗಿ ಕಂಡಿತು. ನಮ್ಮ ಕಾಗದವನ್ನು ಅವರ ಕಡೆಯವನೊಬ್ಬ ತೆಗೆದುಕೊಂಡು, ಓದಿ, "ಒಳ್ಳೇ ಕೆಲಸ ಐತಿ, ಆಕ್ಕೈತಿ" ಅಂದ. ಸುಳ್ಳು ಹೇಳಲಿಲ್ಲ ಅವನು. ಮಳೆಗಾಲ ಕಳೆದು, ಮತ್ತೊಂದು ಸುಗ್ಗಿಯ ಮೆಣಸಿನಕಾಯಿ ಬರುವ ಹೊತ್ತಿಗೆ ಚೀಟಿ ಹಾವೇರಿಗೆ ಬಂದೇ ಬಂತು. ಪುರಸಭೆಯವನು ಸೈಕಲ್ ನಿಲ್ಲಿಸಿ ಕೂಗಿ ಹೇಳಿದ, "ಅವ್ವಾರ, ನಾಳೆ ಎಂಜಿನಿಯರ ಬರ್ತಾರ. ಜಾಗಾ ಸ್ವಚ್ಛ ಇಡ್ರಿ!"

ಆ ವರ್ಷದಲ್ಲಿ ನೆಗೆಣ್ಣಿಗೆ ಜ್ವರ ಎಷ್ಟು ಸಲ ಬಂತು ಎಂಬ ಎಣಿಕೆ ಬಿಟ್ಟಿದ್ದೆವು. ಡಾಕ್ಟರಮ್ಮ ಹೇಳಿದ ಹಾಗೆ ಎರಡು ದಿನ ನೀರು ಕುಡಿಯುತ್ತಿದ್ದಳು, ಖಾರದ ಕೈಯಲ್ಲಿ ಲಾರಿಯ ಹಿಂದೆ ಹೋಗಿ ಬಂದು ತುಟಿ ಕಚ್ಚಿ ಕೂರುತ್ತಿದ್ದಳು, ಮೂರನೇ ದಿನ ನೀರು ಬಿಡುತ್ತಿದ್ದಳು.

ಎಂಜಿನಿಯರ ಬರುವ ದಿನ ನಸುಕಿನಲ್ಲೇ ಹೋಗಿ ಆ ಮೂಲೆಯ ಜಾಲಿ ಕಡಿದು, ಕಸ ಗುಡಿಸಿ, ನೀರು ಚಿಮುಕಿಸಿದೆವು. ಅಲ್ಲಿಗೆ ನಿಂತಿದ್ದರೆ ಸಾಕಿತ್ತು. ನನ್ನ ತಲೆಗೆ ಒಂದು ಬುದ್ಧಿ ಬಂತು.

ನಮ್ಮ ಕಡೆ ಹೊಲದಲ್ಲಿ ಯಾವ ಕೆಲಸ ಹಿಡಿಯುವ ಮೊದಲೂ ಐದು ಕಲ್ಲು ಸಾಲಾಗಿ ಇಡುತ್ತೇವೆ. ಸುಣ್ಣ ಬಳಿದು, ಕುಂಕುಮ ಹಚ್ಚಿ, ಪಾಂಡವರು ಅನ್ನುತ್ತೇವೆ. ಎಡೆ ತೋರಿಸಿ, ಕಾಯಿ ಒಡೆದು ಮುಂದೆ ಹೋಗುತ್ತೇವೆ. ಪೂಜೆ ಮುಗಿದ ಮೇಲೆ ಅವು ಬರೀ ಕಲ್ಲು. ಎತ್ತು ಒದ್ದು ಉರುಳಿಸಿದರೂ ಯಾರೂ ಕೇಳುವುದಿಲ್ಲ. ನನಗೆ ದೇವರ ಹುಚ್ಚಿಲ್ಲ, ಇದು ರೂಢಿ ಅಷ್ಟೆ. ಸರ್ಕಾರದವರೂ ಚರಂಡಿ ತೋಡುವ ಮೊದಲು ಗುದ್ದಲಿ ಪೂಜೆ ಮಾಡುವುದನ್ನು ಕಂಡಿದ್ದೆ, ಕಾಯಿ ಒಡೆಯಲು ದೊಡ್ಡವರೇ ಬರುತ್ತಾರೆ. ಬರುವ ಸಾಹೇಬನ ಕೈಯಿಂದ ಒಂದು ಕಾಯಿ ಒಡೆಸಿಬಿಟ್ಟರೆ ಅವನು ನಮ್ಮ ಕೆಲಸಕ್ಕೆ ಸಿಕ್ಕಿಬಿದ್ದ ಹಾಗೆ, ಆಮೇಲೆ ಇಲ್ಲ ಅನ್ನಲಾರ. ಇದು ನನ್ನ ಲೆಕ್ಕಾಚಾರ.

ಐದು ಕಲ್ಲು ಆರಿಸಿ ತಂದು ಇಟ್ಟೆ. ಸುಣ್ಣ ಬಳಿದೆ. ನೆಗೆಣ್ಣಿ ಅರ್ಜಿ ಸುತ್ತಿದ್ದ ಅದೇ ಹಸಿರು ಖಣವನ್ನು ಮನೆಯಿಂದ ತಂದು ಮುಂದೆ ಹಾಸಿದಳು, ಊದಿನಕಡ್ಡಿ ಹಚ್ಚಿದಳು.

ನಮ್ಮ ಜೊತೆ ತುಂಬು ಬಿಡಿಸುವವರಲ್ಲಿ ಒಬ್ಬ ಮುಸ್ಲಿಂ ಹೆಂಗಸಿದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು, ಆದರೂ ಎಲ್ಲರಂತೆ ನಾನೂ ಖಾಲಾ ಅನ್ನುತ್ತಿದ್ದೆ. ಅವಳು ಕಸಬರಿಗೆ ಹಿಡಿದು ನಿಂತವಳು ಅಂದಳು, "ಯಕ್ಕಾ, ಕಲ್ಲ ಬ್ಯಾಡ. ನಮ್ಮ ಓಣ್ಯಾನವ್ರು ಮಸೂತಿ ಅಂಗಳದಾಗ ನೀರಿನ ತೊಟ್ಟಿ ಕಟ್ಟಾಕ ಇದ ದುಡ್ಡ ಕೇಳಿದ್ರು. ದೇವ್ರ ಜಾಗಕ್ಕ ಈ ದುಡ್ಡ ಬರಂಗಿಲ್ಲ ಅಂದ ಕಳಿಸಿದ್ರು."

"ಅದು ಮಸೂತಿ, ಇದು ಪಾಯಖಾನಿ. ಪಾಯಖಾನ್ಯಾಗ ಯಾವ ದೇವ್ರ ಬಂದ ಕುಂದರ್ತಾನ, ಖಾಲಾ?"

ಎಲ್ಲರೂ ನಕ್ಕರು. ಖಾಲಾಳೂ ನಕ್ಕಳು. "ನಿನ್ನ ಬಾಯಿಗೆ ಕೀಲಿ ಇಲ್ಲ ನೋಡು" ಅಂದು ಗುಡಿಸಲು ಹೋದಳು.

ಎಂಜಿನಿಯರ ಮೋಟಾರ್ ಸೈಕಲ್ ಮೇಲೆ ಬಂದ. ಕೈಯಲ್ಲಿ ಅಳೆಯುವ ಟೇಪು, ಹೆಗಲಲ್ಲಿ ಚೀಲ. ಬಂದವನು ಸೀನಿದ, ನಮಸ್ಕಾರ ಮಾಡಿದ, ಮತ್ತೆ ಸೀನಿದ. ಒಳ್ಳೆಯ ಮನುಷ್ಯ. ಜಾಗದ ಹತ್ತಿರ ಬಂದು ನಿಂತುಬಿಟ್ಟ.

"ಇದೇನ್ರಿ ಅವ್ವಾರ?"

"ಪೂಜಿ ರೀ, ಸಾಹೇಬ್ರ. ನಿಮ್ಮ ಕೈಲೆ ಕಾಯಿ ಒಡಸ್ಬೇಕಂತ ಕಾಯಾಕತ್ತೇವಿ."

ಅವನು ಮೊಬೈಲ್ ತೆಗೆದು ನನಗೆ ತೋರಿಸಿದ. "ಇದರಾಗ ಫೋಟೋ ತಗದ್ರ ಜಾಗಾ, ದಿನಾ, ವ್ಯಾಳ್ಯಾ ಎಲ್ಲಾ ಬೀಳ್ತಾವು. ಫೋಟೋ ಇಲ್ದ ಫೈಲ್ ಮುಂದ ಹೋಗಂಗಿಲ್ಲ. ಪೂಜಾ ಮಾಡೂ ಜಾಗದಾಗ ಈ ದುಡ್ಡ ಹಾಕಂಗಿಲ್ಲಂತ ನಿಯಮ ಐತಿ. ನಾ ಏನ್ ಬರೀಲಿ?"

"ಗುದ್ದಲಿ ಪೂಜಿ ನೀವೂ ಮಾಡ್ತೀರಲ್ಲ?"

"ಅದು ಮಂಜೂರಾದ ಮ್ಯಾಲ. ಗುದ್ದಲಿ ಹೊಳ್ಳಿ ಮನೀಗೆ ಹೋಗ್ತೈತ್ರಿ, ಕಲ್ಲ ಹೋಗಂಗಿಲ್ಲ." ಆಮೇಲೆ ಅತ್ತ ಇತ್ತ ನೋಡಿ ದನಿ ಸಣ್ಣದು ಮಾಡಿದ. "ಒಂದ ಕೆಲಸ ಮಾಡ್ರಿ. ನಾ ಆ ಅಂಗಡ್ಯಾಗ ಚಾ ಕುಡದ ಬರ್ತೇನಿ. ಅಷ್ಟರಾಗ ಇವನ್ನ ಕಿತ್ತ ಆಕಡೆ ಒಗದ, ನೆಲಾ ಬಳೀರಿ. ನಾ ಏನೂ ನೋಡಿಲ್ಲ."

ಒಂದು ಚಹಾ ಕುಡಿಯುವಷ್ಟು ಹೊತ್ತು ನಮಗೆ ಸಿಕ್ಕಿತು. ದಿಲ್ಲಿ ಸರ್ಕಾರ, ಎಂ.ಪಿ., ಹಾವೇರಿ ಕಚೇರಿ ಎಲ್ಲವೂ ಬಂದು ಆ ಒಂದು ಚಹಾದ ಲೋಟದ ಅಂಚಿನಲ್ಲಿ ನಿಂತಿದ್ದವು. ಯಾರೂ ಅಲುಗಲಿಲ್ಲ. ನಲವತ್ತು ಹೆಂಗಸರು ಐದು ಕಲ್ಲನ್ನು ನೋಡುತ್ತ ನಿಂತರು. ಖಾಲಾ ನನ್ನ ಪಕ್ಕ ಬಂದು ಮೆಲ್ಲಗೆ, "ನಾನ ತಗೀತಿದ್ನಿ ಯಕ್ಕಾ. ನಾ ಮುಟ್ಟಿದ್ರ ನಾಳೆ ಊರಾಗ ಬ್ಯಾರೇನ ಆಕ್ಕೈತಿ. ನೀ ತಗೀ ಲಗೂ" ಅಂದಳು. ಖರೇ ಮಾತು.

ನಾನು ಬಗ್ಗಿದೆ. ಮೊದಲ ಕಲ್ಲಿಗೆ ಕೈ ಹಾಕಿದೆ. ನೆಗೆಣ್ಣಿ ಬಂದು ಮಣಿಕಟ್ಟು ಹಿಡಿದಳು. ಅವಳ ಕೈ ಜ್ವರಕ್ಕೆ ಸುಡುತ್ತಿತ್ತು.

"ಯಕ್ಕಾ, ನಾ ಬೇಡ್ಕೊಂಡೇನಿ."

"ಏನ ಬೇಡ್ಕೊಂಡೀ?"

"ಕಿಡ್ನಿ ನೆಟ್ಟಗಾದ್ರ ಐದ ವರ್ಷ ಉಡಿ ತುಂಬತೇನಿ ಅಂತ. ಹರಕಿ ಹೊತ್ತೇನಿ. ಹೊತ್ತ ದಿನಾನ ಕಿತ್ರ ನಾ ಉಳಿಯಂಗಿಲ್ಲ."

"ಹುಚ್ಚಿ! ಪಾಂಡವರಿಗೆ ಯಾರರ ಉಡಿ ತುಂಬ್ತಾರೇನ? ಸುಣ್ಣಾ ಬಳದಾಕಿ ನಾ. ಇನ್ನೂ ಹಸೀನ ಐತಿ, ಮುಟ್ಟಿ ನೋಡ."

"ಬ್ಯಾಡ ಯಕ್ಕಾ. ನಿನ್ನ ಕಾಲ ಹಿಡೀತೇನಿ."

ಹಿಡಿದೇಬಿಟ್ಟಳು. ಸುತ್ತ ನಿಂತವರು ಬಾಯಿ ಬಿಡಲು ಶುರು ಮಾಡಿದರು. ಇಟ್ಟ ದೇವರನ್ನು ಕೀಳಬಾರದು, ಅವಳ ಮೈಯಲ್ಲಿ ಮೊದಲೇ ನೆಟ್ಟಗಿಲ್ಲ, ನಾಳೆ ಏನಾದರೂ ಆದರೆ ಯಾರು ಹೊಣೆ. ನಾನು ಕಲ್ಲು ಬಿಟ್ಟೆ.

ಯಾಕೆ ಬಿಟ್ಟೆ ಅಂತ ಬಹಳ ಸಲ ಕೇಳಿಕೊಂಡಿದ್ದೇನೆ. ದೇವರಿಗೆ ಹೆದರಿ ಅಲ್ಲ. ಅವಳ ಮೇಲಿನ ಕರುಳಿಗೂ ಅಲ್ಲ, ಕರುಳಿದ್ದರೆ ಕೀಳಬೇಕಿತ್ತು. ಅವಳು ಸತ್ತರೆ ಊರವರು ನನ್ನತ್ತ ಬೆರಳು ಮಾಡುತ್ತಾರೆ ಅಂತ ಹೆದರಿದೆ. ಅಷ್ಟೇ.

ಎಂಜಿನಿಯರ ಬಾಯಿ ಒರೆಸಿಕೊಳ್ಳುತ್ತ ಬಂದ. ಐದು ಕಲ್ಲೂ ಇದ್ದವು, ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ನನ್ನ ಮುಖ ನೋಡಿದ. ಎರಡು ಫೋಟೋ ತೆಗೆದ. ಟೇಪನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದ. ಕಾಯಿ ಒಡೆಯದೆ ಉಳಿಯಿತು. ನಾನೇ ಮನೆಗೆ ಒಯ್ದು ಚಟ್ನಿ ಮಾಡಿದೆ.

ಹೊಲದಲ್ಲಾಗಿದ್ದರೆ ಆ ಕಲ್ಲುಗಳು ಒಂದು ವಾರದಲ್ಲಿ ಉರುಳಿ ಹೋಗುತ್ತಿದ್ದವು. ರಸ್ತೆ ಬದಿಯಲ್ಲಿ ಹಾಗಾಗುವುದಿಲ್ಲ. ಮೊದಲು ಲಾರಿಯವರು ಇಳಿದು ಕರ್ಪೂರ ಹಚ್ಚಿದರು. ಆಮೇಲೆ ಒಬ್ಬ ವ್ಯಾಪಾರಿ ಅಲ್ಲಿ ಕೈಮುಗಿದು ಹೋದ ದಿನ ಅವನ ಮಾಲಿಗೆ ಒಳ್ಳೆಯ ದರ ಬಂತಂತೆ, ಅವನು ಮೇಲೆ ತಗಡು ಹಾಕಿಸಿದ. ಇನ್ನೊಬ್ಬ ಕೆಳಗೆ ಟೈಲ್ಸ್ ಹಾಕಿಸಿದ. ಮತ್ತೊಬ್ಬ ಸುತ್ತ ಗೋಡೆ, ಮುಂದೆ ಕಬ್ಬಿಣದ ಜಾಲರಿ ಬಾಗಿಲು, ದೀಪ, ನೀರಿನ ಟ್ಯಾಂಕು, ನಲ್ಲಿ. ಪಾಂಡವರು ಎಂಬ ಹೆಸರು ಹೋಗಿ ಐಗಲ್ಲವ್ವ ಅಂತಾಯಿತು. ಗಂಡಸರನ್ನು ಇಟ್ಟಿದ್ದೆ, ಹೆಂಗಸಾದರು. ಉಡಿ ತುಂಬುವ ಹರಕೆಗೆ ಅನುಕೂಲವೇ ಆಯಿತು.

ನಾವು ಅರ್ಜಿಯಲ್ಲಿ ಕೇಳಿದ್ದೆಲ್ಲ ಆ ಮೂಲೆಗೆ ಬಂತು. ತಗಡು ಬಂತು, ಗೋಡೆ ಬಂತು, ಬಾಗಿಲು, ನಲ್ಲಿ ಬಂದವು. ಒಂದು ಪಾಯಖಾನೆ ಮಾತ್ರ ಬರಲಿಲ್ಲ. ಅದರ ಬದಲಿಗೆ ಒಳಗೆ ಕಲ್ಲು ಕೂತಿದ್ದವು. ಒಂದೆರಡು ದಿನ ನಾವು ಆ ನಲ್ಲಿಯಲ್ಲಿ ಕೈ ತೊಳೆದೆವು. ನಮ್ಮ ನಂತರ ನಲ್ಲಿ ಮುಟ್ಟಿದ ಭಕ್ತರೊಬ್ಬರ ಕಣ್ಣು ಉರಿದು ಗಲಾಟೆಯಾಯಿತು. ಅಷ್ಟರಲ್ಲಿ ಬಂದು ಸೇರಿಕೊಂಡಿದ್ದ ಪೂಜಾರಿ ಬಾಗಿಲಿಗೆ ಹಲಗೆ ತೂಗುಹಾಕಿದ: ಖಾರದ ಕೈಯವರು ನಲ್ಲಿ ಮುಟ್ಟಬಾರದು. ಆ ಒಂದು ಸಾಲು ನಾನು ಎಲ್ಲೂ ನಿಲ್ಲದೆ ಓದಿದೆ.

ಮಳೆಗಾಲಕ್ಕೆ ನೆಗೆಣ್ಣಿಯ ಕಾಲು ಬಾತವು, ಆಮೇಲೆ ಮುಖ. ಹಾವೇರಿಯಲ್ಲಿ ವಾರಕ್ಕೆ ಎರಡು ಸಲ ಮಷೀನಿಗೆ ಹಾಕಿ ರಕ್ತ ತೊಳೆಸಬೇಕು ಅಂದರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಅಷ್ಟು ದಿನ ನೀರು ಕುಡಿ ಕುಡಿ ಅನ್ನುತ್ತಿದ್ದ ಅದೇ ಡಾಕ್ಟರಮ್ಮ ಈಗ, "ದಿನಕ್ಕ ಎರಡ ಲೋಟದ ಮ್ಯಾಲ ನೀರ ಕುಡೀಬ್ಯಾಡ, ಹೊರಗ ಹೋಗೂ ದಾರಿ ಬಂದ್ ಆಗೈತಿ" ಅಂದಳು. ನೆಗೆಣ್ಣಿ ನಕ್ಕಳು. "ಹಂಗಾದ್ರ ನನಗ ಇನ್ನ ಪಾಯಖಾನಿ ಬೇಕಾಗಿಲ್ಲ ಬಿಡ್ರಿ" ಅಂದಳು. ಡಾಕ್ಟರಮ್ಮನಿಗೆ ತಿಳಿಯಲಿಲ್ಲ.

ಕಾಗದ ಬಂದದ್ದು ಅದಾದ ಮೇಲಿನ ಸುಗ್ಗಿಯಲ್ಲಿ. ಮೊದಲ ಸಹಿ ನನ್ನದಾದ್ದರಿಂದ ಪೋಸ್ಟಿನವನು ನನ್ನ ಮನೆಗೇ ತಂದುಕೊಟ್ಟ. ಕೆಲಸದಿಂದ ಬಂದು, ಕೈಗೆ ಎಣ್ಣೆ ಹಚ್ಚಿ ತೊಳೆದು, ಹೊಸ್ತಿಲ ಮೇಲೆ ಕೂತು ಓದಲು ಹಿಡಿದೆ. ಪ್ರಸ್ತಾಪಿತ ಸ್ಥಳದಲ್ಲಿ ಪೂಜಾ ಸ್ಥಳ ಇರುವುದರಿಂದ, ಅಂತ ಶುರುವಾಗಿ ಅವಕಾಶ ಇರುವುದಿಲ್ಲ, ಅಂತ ಮುಗಿದಿತ್ತು. ನಡುವೆ ಇದ್ದ ಮಾರ್ಗಸೂಚಿ ಎಂಬ ಪದದ ಹತ್ತಿರ ಬಹಳ ಹೊತ್ತು ನಿಂತಿದ್ದೆ. ತಿಳಿಯದಿದ್ದರೂ ನಡೆಯುತ್ತಿತ್ತು. ಅವಕಾಶ ಇಲ್ಲ ಎಂಬಲ್ಲಿ ನಿಲ್ಲಬೇಕಾಗಲಿಲ್ಲ.

ಕಾಗದ ಹಿಡಿದುಕೊಂಡು ಗೋಡೆಯ ಆಚೆ ಹೋದೆ. ಅವಳು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

"ಏನಂತ ಯಕ್ಕಾ?"

"ದೇವ್ರ ಅದಾನಂತ."

"ಎಲ್ಲಿ?"

"ನಮ್ಮ ಪಾಯಖಾನ್ಯಾಗ."

ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಸೂಜಿ ಚುಚ್ಚಿ ಕಪ್ಪಾದ ತನ್ನ ತೋಳು ನೋಡಿಕೊಂಡು ಅಂದಳು, "ಅವತ್ತ ನೀ ಕೀಳಬೇಕಿತ್ತು ನೋಡು."

"ನನ್ನ ಕೈ ಹಿಡದಾಕಿ ಯಾರು? ಕಾಲ ಹಿಡದಾಕಿ ಯಾರು?"

"ನಾ ಹಿಡೀತೇನಿ. ನಾ ಹೆದರಿದಾಕಿ, ರೋಗದಾಕಿ. ನಿನಗ ದೇವ್ರೂ ಇಲ್ಲ, ರೋಗಾನೂ ಇಲ್ಲ. ಜಾಡಿಸಿ ಒದ್ದ ಕೀಳಬೇಕಿತ್ತು. ಎರಡ ದಿನಾ ಬೈತಿದ್ನಿ. ಮೂರನೇ ದಿನಾ ನಿನ್ನ ಮನೀಗ ಚಾ ಕುಡ್ಯಾಕ ಬರ್ತಿದ್ನಿ. ನಾ ಯಾವತ್ತ ನಿನ್ನ ಕೂಡ ಮಾತ ಬಿಟ್ಟೇನಿ?"

ಅವಳು ಬಾಯಾರಿಕೆ ಅಂದಳು. ಆ ದಿನದ ಎರಡು ಲೋಟ ಮುಗಿದಿತ್ತು. ಬಟ್ಟೆಯ ತುದಿ ಒದ್ದೆ ಮಾಡಿ ಕೊಟ್ಟೆ, ತುಟಿಗೆ ಒತ್ತಿಕೊಂಡಳು. ಮೂಲೆಯಲ್ಲಿ ಅವಳು ಕೆಲಸಕ್ಕೆ ಉಡುತ್ತಿದ್ದ ಎರಡು ಹಳೆಯ ಸೀರೆ ಮಡಿಚಿಟ್ಟಿದ್ದವು. ಎಷ್ಟು ಒಗೆದರೂ ಕೆಂಪು ಬಿಡದವು. "ಇವನ್ನ ಒಯ್ಯಿ. ನನಗಿನ್ನ ಯಾಕ ಬೇಕು" ಅಂದಳು. ತೆಗೆದುಕೊಂಡು ಬಂದೆ.

ಮರುದಿನ ಬೆಳಕು ಹರಿಯುವಾಗ ಹಿತ್ತಲಿನ ಹಾರೆ ಹೆಗಲ ಮೇಲೆ ಇಟ್ಟುಕೊಂಡು ಬಯಲಿಗೆ ಹೋದೆ. ಐದೂ ಕಲ್ಲು ಕೀಳಬೇಕು ಅಂತಲೇ ಹೋಗಿದ್ದೆ. ಜಾಲರಿ ಬಾಗಿಲಿಗೆ ಕೀಲಿ ಬಿದ್ದಿತ್ತು. ಒಳಗೆ ಇಣುಕಿ ನೋಡಿದೆ. ಕಲ್ಲುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಬೆಳ್ಳಿಯ ಕಣ್ಣು ಅಂಟಿಸಿದ್ದರು. ಯಾವುದು ನಾನು ಮೊದಲು ಕೈ ಹಾಕಿದ ಕಲ್ಲು ಅಂತಲೂ ಗುರುತು ಸಿಗಲಿಲ್ಲ. ಆಮೇಲೆ ಗುಡಿಯ ಹಿಂದಕ್ಕೆ ಹೋಗಿ, ಹಿಂಗೋಡೆಗೆ ತಾಗಿಸಿ ಹಾರೆಯಿಂದ ನಾಲ್ಕು ಕುಣಿ ತೋಡಿದೆ, ಬೇಲಿಯ ಜಾಲಿ ಗೂಟ ಕಿತ್ತು ತಂದು ನೆಟ್ಟೆ, ನೆಗೆಣ್ಣಿಯ ಎರಡೂ ಸೀರೆ ಸುತ್ತಿ ಕಟ್ಟಿದೆ. ಮನೆಯಿಂದ ತಂದಿದ್ದ ಬಾಟಲಿ ನೀರು ಒಳಗಿಟ್ಟೆ. ಗಾಡಿ ಬಂದು ಚೀಲ ಸುರಿಯುವ ಸದ್ದು ಕೇಳಿತು. ಹಾರೆಯನ್ನು ಗೋಡೆಗೆ ಒರಗಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು, ಹೋಗಿ ತುಂಬು ಬಿಡಿಸಲು ಕೂತೆ.